ನಕ್ಷೆಯಲ್ಲಿ ಬಿಟ್ಟುಹೋದ ಕಳ್ಳ

ಮಾನ ಹೋಗುವುದಕ್ಕೆ ದೊಡ್ಡ ಕಾರಣವೇ ಬೇಕು ಎಂದು ತಿಳಿದವರು ಸುಖಿಗಳು. ನಗರಸಭೆಯ ಕಟ್ಟಡ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಜನರ ಮನೆಗಳ ನಕ್ಷೆ ಬರೆದುಕೊಂಡು, ಯಾರ ತಂಟೆಗೂ ಹೋಗದೆ ಬಾಳಿದ್ದ ನಮ್ಮ ನಕ್ಷೆಗಾರರ ಮಾನ ಹೋದದ್ದು ಒಂದು ನಗುವಿನಿಂದ. ಅದೂ ಅರ್ಧ ನಿಮಿಷದ ನಗು.

ಆದದ್ದು ಇಷ್ಟು. ಅವರ ಬೀದಿಯಲ್ಲಿ ಒಂದೇ ವಾರಕ್ಕೆ ಎರಡು ಮನೆಗೆ ಕಳ್ಳರು ನುಗ್ಗಿದರು. ಭಾನುವಾರ ಸಂಜೆ ಬೀದಿಯವರೆಲ್ಲ ಎದುರುಮನೆಯ ನಿವೃತ್ತ ಹೆಡ್‌ಮಾಸ್ತರರ ತಾರಸಿಯ ಮೇಲೆ ಸೇರಿ, ಯಾರು ಏನೇನು ಬಂದೋಬಸ್ತು ಮಾಡಿಕೊಂಡಿದ್ದೀರಿ ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಂಡರು. ಹೆಡ್‌ಮಾಸ್ತರರು ಮುಂಬಾಗಿಲಿಗೆ ಮೂರು ಬೀಗ ಹಾಕಿಸಿದ್ದರು. ಮೂಲೆಮನೆಯವರು ಒಂದು ನಾಯಿ ತಂದಿದ್ದರು. ಅದು ಮೂಲೆಮನೆಯವರನ್ನೇ ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ಆ ಮನೆಗೆ ಇನ್ನು ಭಯವಿಲ್ಲ ಎಂದು ಎಲ್ಲರೂ ಒಪ್ಪಿದರು. ಕಡೆಗೆ ಸರದಿ ನಕ್ಷೆಗಾರರ ಹೆಂಡತಿಗೆ ಬಂತು. ಆಕೆ ತೀರ ಸಹಜವಾಗಿ, "ನಮಗೇನು, ನಮ್ಮನೇಲಿ ಇವರಿದಾರಲ್ಲ" ಎಂದಳು.

ಮೊದಲು ನಕ್ಕವರು ಹೆಡ್‌ಮಾಸ್ತರರು. ಆಮೇಲೆ ಇಡೀ ತಾರಸಿ ನಕ್ಕಿತು. ಕಾಲೇಜಿಗೆ ಹೋಗುವ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವರ ಮನೆಯಲ್ಲೇ ಇದ್ದ ಹೆಂಡತಿಯ ತಾಯಿ, ಅತ್ತೆಯವರು, ಹಲ್ಲಿನ ಸೆಟ್ಟು ಉದುರೀತೆಂದು ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿರಾಳವಾಗಿ ನಕ್ಕರು. ಇವರೆಲ್ಲ ಯಾಕೆ ನಗುತ್ತಿದ್ದಾರೆಂದು ಹೆಂಡತಿಗೆ ಮೊದಲು ತಿಳಿಯಲಿಲ್ಲ. ಸುತ್ತ ನೋಡಿದಳು. ಆಮೇಲೆ ದಪ್ಪ ಕನ್ನಡಕದ, ಐದು ಅಡಿ ಎರಡು ಅಂಗುಲದ, ಜೇಬಿನಲ್ಲಿ ಅಳತೆ ಟೇಪು ಇಟ್ಟುಕೊಂಡು ನಿಂತಿದ್ದ ತನ್ನ ಗಂಡನನ್ನು ಒಂದು ಸಲ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನೋಡಿ, ಅವಳೂ ನಕ್ಕಳು.

ಊರು ನಕ್ಕರೆ ತಡೆದುಕೊಳ್ಳಬಹುದು. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದವಳು, ಅದೂ ನಂಬಿ ಆಡಿದ ಮಾತಿಗೆ ತಾನೇ ನಕ್ಕರೆ, ತಡೆದುಕೊಳ್ಳುವುದು ಹೇಗೆ? ನಕ್ಷೆಗಾರರು ಗಂಟಲು ಸರಿಮಾಡಿಕೊಂಡು, "ನಾನು ಕೋವಿ ತಗೋತಾ ಇದೀನಿ" ಎಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಾರಸಿ ಇನ್ನೊಮ್ಮೆ ನಕ್ಕು, ಮಾತು ಬೇರೆ ಕಡೆಗೆ ತಿರುಗಿ, ಮರುದಿನದ ಹೊತ್ತಿಗೆ ಎಲ್ಲರೂ ಅದನ್ನು ಮರೆತೂ ಬಿಟ್ಟರು. ಮರೆಯದೆ ಉಳಿದವರು ಒಬ್ಬರೇ. ನಿಜ ಹೇಳಬೇಕೆಂದರೆ ಅವರಿಗೆ ಕೋವಿಯ ಮೇಲೆ ಅಂಥ ಆಸೆಯೇನೂ ಇರಲಿಲ್ಲ. 'ನಮ್ಮನೇಲಿ ಇವರಿದಾರಲ್ಲ' ಎಂಬ ಮಾತನ್ನು ಹೆಂಡತಿ ಇನ್ನೊಂದು ಸಲ, ನಗದೆ, ಹೇಳಬೇಕಾಗಿತ್ತು. ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಕೋವಿ ಅಂಗಡಿ ಪೇಟೆಯ ತುದಿಯಲ್ಲಿ, ಕನ್ನಡಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಇತ್ತು. ಅದರ ಯಜಮಾನರು ಎಪ್ಪತ್ತು ದಾಟಿದ ಮುದುಕರು. ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿ ಇಷ್ಟ ಬಂದಾಗ ಕೇಳುತ್ತಿತ್ತು. ನಕ್ಷೆಗಾರರು ಎಡಗಡೆ ನಿಂತು, ಮನೆಯ ರಕ್ಷಣೆಗೆ ಒಂದು ಕೋವಿ ಬೇಕು, ಯಾವುದು ಒಳ್ಳೆಯದು ಎಂದು ಕೇಳಿದರು. ಮುದುಕರು ಒಂಟಿ ನಳಿಗೆಯದನ್ನು ತೋರಿಸಿದರು, ಜೋಡಿ ನಳಿಗೆಯದನ್ನು ತೋರಿಸಿದರು, ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ನೂಕಿದರೆ ಒಂದಾದ ಮೇಲೊಂದು ತೋಟೆ ಹಾರುವ ಪಂಪಿನ ಕೋವಿಯನ್ನೂ ತೋರಿಸಿದರು. ಉದ್ದ ನಳಿಗೆ ಬಯಲಿಗೆ, ಗಿಡ್ಡ ನಳಿಗೆ ಮನೆಯೊಳಕ್ಕೆ; ತೋಟೆಯೊಳಗಿನ ಸೀಸದ ಕಾಳು, ಅಂದರೆ ಚರೆ, ದಪ್ಪದ್ದಾದರೆ ದೂರಕ್ಕೆ, ಸಣ್ಣದಾದರೆ ಹತ್ತಿರಕ್ಕೆ. ತೂಕ ಕಮ್ಮಿಯಾದಷ್ಟೂ ಭುಜಕ್ಕೆ ಒದೆ ಜಾಸ್ತಿ ಎಂದೂ ಎಚ್ಚರಿಸಿದರು.

ನಕ್ಷೆಗಾರರು ಟೇಪು ಹೊರಗೆ ತೆಗೆದು ಒಂದೊಂದನ್ನೇ ಅಳೆದರು. ಉದ್ದದ್ದು ನಾಲ್ಕು ಅಡಿ ಬಂತು. ತಮ್ಮ ಮನೆಯ ನಡುಹಾದಿ ಮೂರು ಅಡಿ ಅಗಲ. ಇದನ್ನು ಹಿಡಿದುಕೊಂಡು ಒಮ್ಮೆ ಒಳಗೆ ಹೋದರೆ ತಿರುಗುವುದಕ್ಕೆ ಹಿತ್ತಲಿಗೇ ಹೋಗಬೇಕು, ಅಲ್ಲಿತನಕ ಕಳ್ಳ ಕಾಯುತ್ತಾನೆಯೇ ಎಂದು ಅವರು ಗಂಭೀರವಾಗಿಯೇ ಕೇಳಿದರು.

ಮುದುಕರು ಅಂಥ ಪ್ರಶ್ನೆ ಕೇಳುವ ಗಿರಾಕಿಯನ್ನು ಬಹಳ ದಿನದಿಂದ ಕಂಡಿರಲಿಲ್ಲ. ಸ್ಟೂಲು ಕೊಟ್ಟು ಕೂರಿಸಿದರು. ಕೋವಿಯನ್ನು ಅವರು ಹಾಗೆಲ್ಲ ಕೊಡುವುದಿಲ್ಲವಂತೆ. ಮೊದಲು ಮನೆಯ ನಕ್ಷೆ ತಂದು ತೋರಿಸಬೇಕಂತೆ. ಯಾರು ಎಲ್ಲಿ ಮಲಗುತ್ತಾರೆ, ತಲೆ ಯಾವ ಕಡೆ, ಗೋಡೆ ಎಷ್ಟು ದಪ್ಪ, ನೀವು ಎಲ್ಲಿ ನಿಂತು ಹೊಡೆಯುತ್ತೀರಿ, ಎಲ್ಲ ಅದರಲ್ಲಿರಬೇಕು. ನಿಂತಲ್ಲಿಂದ ಗೆರೆ ಎಳೆಯಬೇಕು. "ಕಳ್ಳನ ವಿಷಯ ನನಗೆ ಬೇಡ. ಅವನ ಹಿಂದೆ ಯಾರಿದಾರೆ, ಅದು ಹೇಳಿ" ಎಂದರು. ಒಂದೇ ಒಂದು ಸಲ ಕೇಳದೆ ಕೊಟ್ಟಿದ್ದರಂತೆ. ಆ ಕತೆಯನ್ನು ಮಾತ್ರ ಮುಂದುವರಿಸಲಿಲ್ಲ, ಎದ್ದು ಹೋಗಿ ಒಂದು ನಳಿಗೆಯನ್ನು ಸುಮ್ಮನೆ ಒರೆಸುತ್ತ ನಿಂತರು.

ನಕ್ಷೆಗಾರರಿಗೆ ನಕ್ಷೆ ತನ್ನಿ ಎಂದರೆ ಕುದುರೆಗೆ ಓಡು ಎಂದ ಹಾಗಾಯಿತು. ಇಪ್ಪತ್ತಾರು ವರ್ಷದಲ್ಲಿ ಸಾವಿರಾರು ಮನೆಯನ್ನು ಕಾಗದದ ಮೇಲೆ ಇಳಿಸಿದ್ದರೂ ತಮ್ಮ ಮನೆಯದನ್ನು ಬರೆದಿರಲಿಲ್ಲ. ಅಂದೇ ಸಂಜೆಯಿಂದ ಅಳತೆ ಶುರುವಾಯಿತು. ಯಾಕೆ ಏನು ಎಂದು ಮನೆಯವರಿಗೆ ಹೇಳಲಿಲ್ಲ. ಕೋವಿ ಕೈಗೆ ಬರುವ ತನಕ ಬಾಯಿ ಬಿಡಬಾರದು, ಇನ್ನೊಂದು ಸಲ ನಗಿಸಿಕೊಳ್ಳುವ ತ್ರಾಣ ತನಗಿಲ್ಲ ಎಂದು ಅವರ ಲೆಕ್ಕಾಚಾರ.

ಗೋಡೆಗಳನ್ನು ಬೆರಳಿನಿಂದ ಕುಟ್ಟಿ ಕುಟ್ಟಿ, ಕಿವಿಯಿಟ್ಟು ಕೇಳಿದರು. ಮಗಳನ್ನು, ನಿದ್ದೆಯಲ್ಲಿ ನೀನು ಎಡಕ್ಕೆ ಹೊರಳುತ್ತೀಯೋ ಬಲಕ್ಕೋ ಎಂದು ಕೇಳಿದರು. ಹೆಂಡತಿಯನ್ನು, ಏನಾದರೂ ಸದ್ದಾದರೆ ನೀನು ಥಟ್ಟನೆ ಏಳುತ್ತೀಯೋ ಸ್ವಲ್ಪ ಹೊತ್ತು ಮಲಗಿಯೇ ಇರುತ್ತೀಯೋ ಎಂದು ಕೇಳಿದರು. ಈ ವಯಸ್ಸಿನಲ್ಲಿ ಗಂಡ ತನ್ನ ನಿದ್ದೆಯನ್ನು ವಿಚಾರಿಸಿದನಲ್ಲ ಎಂದು ಅವಳು ಕೊಂಚ ಕರಗಿ, ಮಲಗಿಯೇ ಇರುತ್ತೇನೆ ಎಂದಳು. ಅವರು ಅದನ್ನು ಬರೆದುಕೊಂಡರು. ಅತ್ತೆಯವರನ್ನು ಕೇಳುವ ಧೈರ್ಯವಿರಲಿಲ್ಲ. ಆದ್ದರಿಂದ ಅವರು ಮಧ್ಯಾಹ್ನ ಊಟ ಮಾಡಿ ಮಲಗಿದ್ದಾಗ, ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ನೆತ್ತಿಯಿಂದ ಪಾದದವರೆಗೆ ಟೇಪು ಹಿಡಿದು ಅಳೆದರು. ನಾಲ್ಕು ಅಡಿ ಹತ್ತೂವರೆ ಅಂಗುಲ. ಅತ್ತೆ ಒಂದು ಕಣ್ಣು ತೆರೆದು, ಅಳಿಯನನ್ನೂ ಟೇಪನ್ನೂ ನೋಡಿ, ಮತ್ತೆ ಮುಚ್ಚಿಕೊಂಡರು. ಆಮೇಲೆ ಅವರಿಗೆ ನಿದ್ದೆ ಬರಲಿಲ್ಲವೆಂದು ಮುಂದೆ ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಬಂತು.

ನಕ್ಷೆ ಮೂರು ದಿನ ಹಿಡಿಯಿತು. ಅವರ ಜೀವಮಾನದಲ್ಲೇ ಅಂಥ ಕೆಲಸ ಮಾಡಿರಲಿಲ್ಲ. ಗೋಡೆ ಕಪ್ಪು ಶಾಯಿಯಲ್ಲಿ, ಬಾಗಿಲು ನೀಲಿಯಲ್ಲಿ, ಮಂಚಗಳು, ಮಂಚದ ಮೇಲೆ ಮೂರು ಜನ, ತಲೆಗೆ ಒಂದು ಸೊನ್ನೆ. ನಡುಮನೆಯಲ್ಲಿ ತಾವು ನಿಲ್ಲಬಹುದಾದ ಹದಿನಾಲ್ಕು ಸ್ಥಾನ ಗುರುತಿಸಿ, ಪ್ರತಿಯೊಂದರಿಂದ ಕೆಂಪು ಶಾಯಿಯಲ್ಲಿ ಒಂದೊಂದು ಗೆರೆ ಎಳೆದರು. ಅಂಚಿನಲ್ಲಿ, ಕಚೇರಿಯ ಪದ್ಧತಿಯಂತೆ ಷರಾ. 'ಸ್ಥಾನ ಒಂದು: ಅತ್ತೆ, ಮಗಳು. ಆಗದು. ಸ್ಥಾನ ಎರಡು: ಮಗಳು. ಖಂಡಿತ ಆಗದು. ಸ್ಥಾನ ಮೂರು: ಹೆಂಡತಿ, ಮೊಣಕಾಲಿನ ಕೆಳಗೆ. ಪರವಾಗಿಲ್ಲ.' ಹೀಗೇ ಇಳಿದು, 'ಸ್ಥಾನ ಒಂಬತ್ತು: ಅತ್ತೆ ಮಾತ್ರ. ಇದ್ದುದರಲ್ಲಿ ಉತ್ತಮ.' ಕಡೆಯದು, 'ಸ್ಥಾನ ಹದಿನಾಲ್ಕು: ಮೂವರೂ ಒಂದೇ ಗೆರೆಯಲ್ಲಿ.' ಕೆಳಗೆ ರುಜು, ತಾರೀಕು.

ಯಾವ ನಕ್ಷೆಯೇ ಆಗಲಿ ಮೂರು ಪ್ರತಿ ಇರಬೇಕೆಂಬುದು ಇಲಾಖೆಯ ನಿಯಮ. ಒಂದು ಪ್ರತಿಯನ್ನು ಕೋವಿ ಅಂಗಡಿಗೆ ಎತ್ತಿಟ್ಟರು. ಒಂದನ್ನು ಲೈಸೆನ್ಸಿನ ಅರ್ಜಿಗೆ ಲಗತ್ತಿಸಿ ಪೊಲೀಸ್ ಠಾಣೆಗೆ ಕೊಟ್ಟರು. ಅರ್ಜಿಯಲ್ಲಿ 'ಯಾರಿಂದ ಅಪಾಯವಿದೆ' ಎಂಬ ಕಲಮಿಗೆ ಎರಡು ದಿನ ಯೋಚಿಸಿಯೂ ಯಾರ ಹೆಸರೂ ಹೊಳೆಯಲಿಲ್ಲ. ಸುಳ್ಳು ಬರೆಯಬಾರದೆಂದು ಖಾಲಿ ಬಿಟ್ಟರು. ಮೂರನೆಯ ಪ್ರತಿ ಮನೆಯ ಬೀರುವಿನಲ್ಲಿ, ಅತ್ತೆಯವರ ಶಾಲಿನ ಕೆಳಗೆ ಮಡಿಕೆ ಬೀಳದೆ ಇರುತ್ತದೆಂದು ಅಲ್ಲೇ ಇಟ್ಟರು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಅದೇ ಹಗ್ಗದ ಮೂರು ಪ್ರತಿ ತೆಗೆಸಿ ಹಂಚಿದವರು ಇವರೊಬ್ಬರೇ.

ಮರುದಿನ ಕಚೇರಿಗೆ ಅರ್ಧ ದಿನ ರಜೆ ಹಾಕಿ ಕೋವಿ ಅಂಗಡಿಗೆ ಹೋದರು. ಮುದುಕರು ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ತೋಟೆ ಇಟ್ಟು, ಭೂತಗನ್ನಡಿಯಲ್ಲಿ ಕಾಲು ಗಂಟೆ ನೋಡಿದರು. ಇಷ್ಟು ಚೊಕ್ಕವಾದ ನಕ್ಷೆಯನ್ನು ನಲವತ್ತು ವರ್ಷದಲ್ಲಿ ನೋಡಿಲ್ಲ ಎಂದು ಹೊಗಳಿದರು. ಆಮೇಲೆ ಭೂತಗನ್ನಡಿ ಕೆಳಗಿಟ್ಟು, ಈ ಮನೆಗೆ ಕೋವಿ ಇಲ್ಲ ಎಂದರು.

ಸಣ್ಣ ಚರೆಯದು? ಇಲ್ಲ. ಅದಕ್ಕಿಂತ ಸಣ್ಣದು? ಅರ್ಧ ಇಟ್ಟಿಗೆಯ ಗೋಡೆ, ಯಾವ ಚರೆಯನ್ನೂ ನಂಬುವ ಹಾಗಿಲ್ಲ. ಅತ್ತೆಯವರ ಮಂಚವನ್ನು ಒಂದೂವರೆ ಅಡಿ ಸರಿಸಿದರೆ? ಸರಿಸಿದರೆ ಗೆರೆ ಮಗಳ ಕಡೆ ಹೋಗುತ್ತದೆ, ನೀವೇ ಬರೆದಿದ್ದೀರಲ್ಲ. "ನೋಡಿ, ನಿಮ್ಮ ಮನೇಲಿ ಎಲ್ಲಿ ಕೈ ಇಟ್ಟರೂ ನಿಮ್ಮೋರೇ ಇದಾರೆ. ಪುಣ್ಯ ಮಾಡಿದೀರಿ. ಒಂದು ಒಳ್ಳೆ ಟಾರ್ಚ್ ತಗೊಂಡು ಮನೆಗೆ ಹೋಗಿ" ಎಂದು ಮುದುಕರು ನಕ್ಷೆಯನ್ನು ಸುರುಳಿ ಸುತ್ತಿ, ಇದನ್ನು ನಾನೇ ಇಟ್ಟುಕೊಳ್ಳಲೇ ಎಂದು ಕೇಳಿ ಇಟ್ಟುಕೊಂಡರು.

ನಕ್ಷೆಗಾರರು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಬರುವಾಗ ಎದೆ ಯಾಕೋ ಹಗುರವಾಗಿತ್ತು. ಮನೆಗೆ ಹೋದವರೇ ಎಲ್ಲ ಹೇಳಿಬಿಡಬೇಕು, ನಕ್ಕರೆ ನಗಲಿ, ಎಲ್ಲಿ ಕೈ ಇಟ್ಟರೂ ನಮ್ಮೋರೇ ಇದ್ದಾರೆ ಎಂಬ ಮಾತನ್ನು ಹೆಂಡತಿಗೆ ಹೇಳಲೇಬೇಕು ಎಂದುಕೊಂಡರು. ಆ ಬಸ್ಸಿನ ಮುಕ್ಕಾಲು ಗಂಟೆಯಷ್ಟು ಸುಖವಾದ ಹೊತ್ತು ಅವರಿಗೆ ಆಮೇಲೆ ಬರಲಿಲ್ಲ.

ಮನೆಗೆ ಬೀಗ ಬಿದ್ದಿತ್ತು. ಎದುರುಮನೆಯ ತಾರಸಿಯಲ್ಲಿ ಹೆಡ್‌ಮಾಸ್ತರರ ತಲೆ ಕಂಡಿತು. ಇವರೆಲ್ಲ ಎಲ್ಲಿಗೆ ಹೋದರು ಎಂದು ಕೇಳಿದರೆ, ತಲೆ ಗೋಡೆಯ ಕೆಳಕ್ಕೆ ಇಳಿಯಿತು. ಉತ್ತರ ಮಾತ್ರ ಗೋಡೆಯ ಹಿಂದಿನಿಂದ ಬಂತು. ಎಲ್ಲರೂ ಅತ್ತೆಯವರ ಮಗನ ಮನೆಗೆ ಹೋಗಿದ್ದಾರೆ, ತಮ್ಮನ್ನು ಠಾಣೆಗೆ ಬರಹೇಳಿದ್ದಾರೆ, ತಾವು ದಯವಿಟ್ಟು ಅಲ್ಲೇ ನಿಲ್ಲದೆ ಪಕ್ಕಕ್ಕೆ ಸರಿದು ಮಾತಾಡಬೇಕು.

ಬೆಳಿಗ್ಗೆ ಅತ್ತೆಗೆ ಚಳಿಯಾಗಿ ಶಾಲು ತೆಗೆಯಹೋಗಿದ್ದರು. ಶಾಲಿನ ಜೊತೆ ನಕ್ಷೆ ಬಂತು. ಕನ್ನಡಕ ಹಾಕಿಕೊಂಡು ಮೊದಲು ತಮ್ಮ ಉದ್ದವನ್ನು ಓದಿದರು, ಆಮೇಲೆ ಸ್ಥಾನ ಒಂಬತ್ತನ್ನು. ನಕ್ಷೆಗಾರರ ಹೆಂಡತಿಯನ್ನು ಕರೆದು ಸ್ಥಾನ ಮೂರನ್ನು ಓದಿಸಿದರು. ಮೊಮ್ಮಗಳು ಓದುತ್ತ ಓದುತ್ತ ಹದಿನಾಲ್ಕಕ್ಕೆ ಬಂದಾಗ ಮೂವರೂ ಒಟ್ಟಿಗೆ ಎದ್ದು ನಿಂತರು. ಎರಡು ಬೀದಿ ಆಚೆ ಟಯರ್ ಅಂಗಡಿ ಇಟ್ಟುಕೊಂಡಿದ್ದ ಅತ್ತೆಯ ಮಗ, ಅಂದರೆ ನಕ್ಷೆಗಾರರ ಭಾವಮೈದ, ಮೈಯೆಲ್ಲ ಮಸಿ ಮಾಡಿಕೊಂಡೇ ಓಡಿ ಬಂದು ಎಲ್ಲರನ್ನೂ ವ್ಯಾನಿಗೆ ಹತ್ತಿಸಿಕೊಂಡು, ದಾರಿಯಲ್ಲಿ ನಕ್ಷೆಯನ್ನು ಠಾಣೆಗೆ ಕೊಟ್ಟು, ತನ್ನ ಮನೆಗೆ ಕರೆದುಕೊಂಡು ಹೋಗಿದ್ದ.

ಠಾಣೆಯ ಅಧಿಕಾರಿಗಳ ಮೇಜಿನ ಮೇಲೆ ಎರಡು ಪ್ರತಿಯೂ ಅಕ್ಕಪಕ್ಕ ಹಾಸಿತ್ತು. ನಕ್ಷೆಗಾರರು ಕೂತು, ತಾರಸಿಯ ಸಂಜೆಯಿಂದ ಹಿಡಿದು ಎಲ್ಲವನ್ನೂ ಒಂದೂ ಬಿಡದೆ ವಿವರಿಸಿದರು. ಅಧಿಕಾರಿಗಳು ತಾಳ್ಮೆಯಿಂದ ಕೇಳಿದರು. ಕೆಟ್ಟ ಮನುಷ್ಯರಾಗಿರಲಿಲ್ಲ. ಕೇಳಿಯಾದ ಮೇಲೆ ಒಂದೇ ಪ್ರಶ್ನೆ ಹಾಕಿದರು.

"ಎಲ್ಲ ಸರಿ. ಇದರಲ್ಲಿ ಕಳ್ಳ ಎಲ್ಲಿ?"

ನಕ್ಷೆಗಾರರು ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಹದಿನಾಲ್ಕು ಗೆರೆಯೂ ತಮ್ಮ ಎದೆಯಿಂದ ಹೊರಟು ನೆಟ್ಟಗೆ ತಮ್ಮವರ ಮೈಗೆ ಹೋಗಿ ನಿಂತಿದ್ದವು. ನಡುವೆ ಯಾರೂ ಇರಲಿಲ್ಲ.

"ಕಳ್ಳನ್ನ ತೋರಿಸೋ ಹಾಗಿಲ್ಲ ಸರ್. ನಕ್ಷೇಲಿ ಶಾಶ್ವತವಾಗಿ ಇರೋದನ್ನ ಮಾತ್ರ ತೋರಿಸ್ಬೇಕು. ಬಂದು ಹೋಗೋ ವಸ್ತುಗಳನ್ನ ಬರೆಯೋದು ನಿಯಮದಲ್ಲಿಲ್ಲ."

"ನಿಮ್ಮ ಅತ್ತೆ ಶಾಶ್ವತವೇನ್ರಿ?"

"ಎಂಟು ವರ್ಷದಿಂದ ಇದಾರೆ ಸರ್."

ಅಧಿಕಾರಿಗಳು ಎರಡು ಪ್ರತಿಯನ್ನೂ ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಸತ್ಯ ಏನೆಂದು ಒಂದೇ ಮಾತಿನಲ್ಲಿ ಇತ್ಯರ್ಥವಾಗಲಿ ಎಂದು ಕೋವಿ ಅಂಗಡಿಗೆ ಫೋನು ಹಚ್ಚಿ, ಠಾಣೆಗೆಲ್ಲ ಕೇಳುವ ಹಾಗೆ ಫೋನಿನ ಧ್ವನಿ ಏರಿಸಿದರು. ಮುದುಕರು ಫೋನನ್ನು ಯಾವ ಕಿವಿಗೆ ಹಿಡಿದಿದ್ದರೋ, ಕೇಳಿದ್ದಕ್ಕೆಲ್ಲ ಹೌದು ಎಂದರು. ಬಂದಿದ್ದರು, ಹೌದು. ಆ ಮನೆಯಲ್ಲಿ ಗುಂಡು ಹಾರಿಸಿದರೆ ಮನೆಯವರು ಸಾಯುತ್ತಾರೆ ಎಂದು ನಾನು ಹೇಳಿದೆ, ಹೌದು. ಆದರೂ ಅವರು ಬಿಡಲಿಲ್ಲ, ಬೇರೆ ಚರೆ ಇದೆಯೇ ಎಂದರು, ಅತ್ತೆಯ ಮಂಚ ಸರಿಸಲೇ ಎಂದರು. ಒಳ್ಳೆ ಮನುಷ್ಯ, ಕೆಲಸ ಬಹಳ ಅಚ್ಚುಕಟ್ಟು.

ನಕ್ಷೆ ಬರೆಯುವುದು ಅಪರಾಧವೆಂದು ಯಾವ ಕಾಯಿದೆಯಲ್ಲೂ ಇಲ್ಲದ ಕಾರಣ ಅವರನ್ನು ಮನೆಗೆ ಬಿಟ್ಟರು. ಟೇಪನ್ನು ಮಾತ್ರ ಒಂದು ದಿನ ಇಟ್ಟುಕೊಂಡು, ಅದರಲ್ಲಿ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ವಾಪಸು ಕೊಟ್ಟರು.

ಆಮೇಲಿನ ದಿನಗಳನ್ನು ವಿಸ್ತರಿಸಿ ಹೇಳಿ ಸುಖವಿಲ್ಲ. ಹೆಡ್‌ಮಾಸ್ತರರು ನಾಲ್ಕನೆಯ ಬೀಗ ಹಾಕಿಸಿದರು. ಮೂಲೆಮನೆಯವರು ನಾಯಿಯ ಗೂಡನ್ನು ನಕ್ಷೆಗಾರರ ಮನೆಯ ಕಡೆಗೆ ತಿರುಗಿಸಿದರು. ಬೀದಿಯಲ್ಲಿ ಕಳ್ಳರ ಮಾತೇ ನಿಂತುಹೋಯಿತು. ನಿಜವಾಗಿಯೂ ಆ ತಿಂಗಳು ಕಳ್ಳರು ಬರಲಿಲ್ಲ, ಅದಕ್ಕೆ ನಕ್ಷೆಗಾರರೇ ಕಾರಣವೆಂದು ಹೆಡ್‌ಮಾಸ್ತರರು ಎಲ್ಲರಿಗೂ ಹೇಳಿದರು. ಕಚೇರಿಯಲ್ಲಿ ಎದುರು ಕೂರುತ್ತಿದ್ದ ಗುಮಾಸ್ತ ಮೇಜನ್ನು ಕೋನಕ್ಕೆ ತಿರುಗಿಸಿಕೊಂಡ. ಕಾರಣ ಕೇಳಿದರೆ ಬೆಳಕು ಸಾಲದು ಎಂದ. ಈಗ ಅವರನ್ನು ನೋಡಿ ಯಾರೂ ನಗುತ್ತಿರಲಿಲ್ಲ. ಬೇಡಿದ ವರ ಪೂರ್ತಿಯಾಗಿ ಕೈಗೂಡಿತ್ತು.

ಮನೆಯಲ್ಲಿ ಅವರು ಎಲ್ಲಿ ಬೇಕಾದರೂ ನಿಲ್ಲಬಹುದಾಗಿತ್ತು. ನಿಲ್ಲುತ್ತಲೂ ಇದ್ದರು, ಅಡುಗೆಮನೆಯ ಬಾಗಿಲಲ್ಲಿ ಒಂದಷ್ಟು ಹೊತ್ತು, ಮಗಳ ಕೋಣೆಯಲ್ಲಿ ಒಂದಷ್ಟು ಹೊತ್ತು. ಎಂಟು ವರ್ಷದಿಂದ ಅತ್ತೆಯ ಯಾವ ಗೊರಕೆಗೆ ಶಾಪ ಹಾಕಿದ್ದರೋ ಆ ಗೊರಕೆ ಇಲ್ಲದೆ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ.

ಎರಡನೆಯ ಭಾನುವಾರ ಬೆಳಿಗ್ಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಭಾವಮೈದನ ಮನೆಯ ಗೇಟಿಗೆ ಹೋಗಿ ನಿಂತರು. ಕಿಟಕಿಯ ಪರದೆಗಳೆಲ್ಲ ಒಂದೊಂದೇ ಬೆರಳಷ್ಟು ಸರಿದವು. ಬಹಳ ಹೊತ್ತಾದ ಮೇಲೆ ಹೆಂಡತಿ ಬಂದಳು. ಗೇಟು ತೆಗೆಯಲಿಲ್ಲ. ಸೊರಗಿದ್ದಳು. ಅವರು ಇಡೀ ವಾರ ಮಾತು ಹೊಂದಿಸಿಕೊಂಡು ಬಂದಿದ್ದರು. ಮಾತಾಡಿದವಳು ಅವಳೇ.

"ನೀವು ಹಾಗೆಲ್ಲ ಮಾಡೋರಲ್ಲ ಅಂತ ನಂಗೊತ್ತು. ಅಮ್ಮಂಗೂ ಗೊತ್ತು, ಒಪ್ಕೊಳಲ್ಲ ಅಷ್ಟೆ. ಆದರೆ ಹದಿನಾಲ್ಕು ಸಲ ಗೆರೆ ಎಳೆದಿದೀರಲ್ಲ. ಒಂದು ಸಲಾನೂ ಕೈ ನಡುಗಿಲ್ಲ. ಎಲ್ಲಾ ಗೆರೆ ಎಷ್ಟು ನೆಟ್ಟಗಿವೆ."

ನಡುಗಿದ್ದರೆ ಗೆರೆ ಅಳಿಸಿ ಮತ್ತೆ ಎಳೆಯಬೇಕಾಗುತ್ತಿತ್ತು ಎಂದು ಅವರು ಹೇಳಿದರು. ಅದು ನಿಜವೇ ಆಗಿತ್ತು.

"ನನ್ನ ಮುಂದೆ ಪರವಾಗಿಲ್ಲ ಅಂತ ಯಾಕೆ ಬರೆದಿರಿ?"

"ಅದು ಮೊಣಕಾಲಿಂದ ಕೆಳಗೆ ಕಣೇ" ಎಂದರು ನಕ್ಷೆಗಾರರು.

ಸತ್ಯವನ್ನು ಇದಕ್ಕಿಂತ ಪ್ರಾಮಾಣಿಕವಾಗಿ ಹೇಳಲು ಸಾಧ್ಯವಿರಲಿಲ್ಲ. ಅವಳು ತನ್ನ ಕಾಲನ್ನು ಒಮ್ಮೆ ನೋಡಿಕೊಂಡು ಒಳಗೆ ಹೋದಳು.

ಇದಾದ ಹತ್ತು ದಿನಕ್ಕೆ ಭಾವಮೈದ ಕಚೇರಿಗೇ ಬಂದ. ಆನೆಯಂಥ ಆಳು, ಲಾರಿಯ ಟಯರನ್ನು ಒಂದೇ ಕೈಯಲ್ಲಿ ಎತ್ತುವವನು, ಮೇಜಿನ ಮುಂದೆ ಬಂದು ಟೋಪಿ ಹಿಚುಕುತ್ತ ನಿಂತ. ಮೊದಲು ಎಲ್ಲರ ಕ್ಷೇಮ ಹೇಳಿದ. ಅಮ್ಮನಿಗೆ ಈಗ ಊಟ ಸೇರುತ್ತಿದೆ, ಅಕ್ಕ ಸುಮಾರಾಗಿದ್ದಾಳೆ. ಆಮೇಲೆ ನೆಲ ನೋಡಿಕೊಂಡು ಬಂದ ಕೆಲಸ ಹೇಳಿದ. ಅವನು ಒಂದು ಕೋವಿ ತೆಗೆದುಕೊಳ್ಳುತ್ತಿದ್ದಾನೆ. ಅಮ್ಮನ ಹಟ, ಅವನೇನು ಮಾಡಲಿಕ್ಕಾಗುತ್ತದೆ. ಲೈಸೆನ್ಸು ಎಂಟೇ ದಿನಕ್ಕೆ ಸಿಕ್ಕಿತು, ಏಕೆಂದರೆ 'ಯಾರಿಂದ ಅಪಾಯವಿದೆ' ಎಂಬ ಕಲಮಿನಲ್ಲಿ ಬರೆಯುವುದಕ್ಕೆ ಅವನ ಹತ್ತಿರ ಒಂದು ಹೆಸರಿತ್ತು, ಲಗತ್ತಿಸುವುದಕ್ಕೆ ಪುರಾವೆಯೂ ಇತ್ತು. ತೊಡಕು ಇರುವುದು ಅಂಗಡಿಯ ಮುದುಕರಲ್ಲಿ. ಮನೆಯ ನಕ್ಷೆ ಇಲ್ಲದೆ ಕೊಡುವುದಿಲ್ಲ ಎಂದು ಕೂತಿದ್ದಾರೆ. ಇವನು ಒಂದು ಬರೆದುಕೊಂಡು ಹೋದರೆ, ಇದು ಮನೆಯೋ ಟಯರೋ ಎಂದು ಕೇಳಿದರಂತೆ. ಒಂದು ಮಾದರಿ ನಕ್ಷೆ ತೋರಿಸಿ, ಇದನ್ನು ಬರೆದವರ ಹತ್ತಿರ ಬರೆಸಿಕೊಂಡು ಬಾ ಎಂದರಂತೆ.

"ಬೇರೆ ಯಾರಾದ್ರೂ ಬರೆದರೆ ಹೆಚ್ಚುಕಮ್ಮಿ ಆಗುತ್ತೆ ಭಾವ" ಎಂದ ಅವನು. "ಒಳಗೆ ಅಕ್ಕ ಇದಾಳೆ, ನಿಮ್ಮ ಮಗಳಿದಾಳೆ. ನಿಮ್ಮಷ್ಟು ಸರಿಯಾಗಿ ಯಾರು ಅಳೀತಾರೆ?"

ನಕ್ಷೆಗಾರರು ಪೆನ್ಸಿಲ್ಲನ್ನು ಚೂಪು ಮಾಡುತ್ತ ಬಹಳ ಹೊತ್ತು ಕೂತಿದ್ದರು. ಆಮೇಲೆ, ಗೋಡೆ ಅರ್ಧ ಇಟ್ಟಿಗೆಯದೋ ಪೂರ್ತಿಯದೋ ಎಂದು ಕೇಳಿದರು.

ಹಾಗೆ ಅವರಿಗೆ ಆ ಗೇಟಿನ ಒಳಕ್ಕೆ ಹೋಗುವ ಭಾಗ್ಯ ಬಂತು. ಶನಿವಾರ ಮಧ್ಯಾಹ್ನ ಎರಡರಿಂದ ಐದರವರೆಗೆ, ಅಳತೆಯ ಕೆಲಸಕ್ಕೆ ಮಾತ್ರ. ಅತ್ತೆ ಗೋಡೆಗೆ ಒತ್ತಿ ಕುರ್ಚಿ ಹಾಕಿಕೊಂಡು ಕೂತಿದ್ದರು, ತಮ್ಮ ಉದ್ದವನ್ನು ತಾವೇ ಬಾಯಿಬಿಟ್ಟು ಹೇಳಿ ಮತ್ತೆ ಅಳೆಯುವ ಅವಕಾಶ ಕೊಡಲಿಲ್ಲ. ಟೇಪಿನ ಇನ್ನೊಂದು ತುದಿ ಹಿಡಿಯುವುದಕ್ಕೆ ಯಾರಾದರೂ ಬೇಕಾಗಿತ್ತು. ಮಗಳು ಬಂದು ಹಿಡಿದಳು. ಕೋಣೆಯಿಂದ ಕೋಣೆಗೆ ಅಪ್ಪ ಮಗಳು ಟೇಪಿನ ಎರಡು ತುದಿಯಲ್ಲಿ ನಡೆದರು. ಹನ್ನೊಂದು ಅಡಿ, ಒಂಬತ್ತೂ ಕಾಲು, ಹನ್ನೆರಡು ಎಂದು ಅವಳು ಓದಿ ಹೇಳಿದಳು. ಅವರು ಬರೆದುಕೊಂಡರು. ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯನ್ನು ಅವರು ಎರಡು ಸಲ ಅಳೆದರು. ಅದರಲ್ಲಿ ಹೆಂಡತಿಯ ಚಪ್ಪಲಿ, ಅವಳ ತಲೆನೋವಿನ ಮುಲಾಮಿನ ಡಬ್ಬಿ ಇದ್ದವು.

ಊಟದ ಮೇಜಿನ ಮೇಲೆ ಹಾಳೆ ಹಾಸಿ, ಎಲ್ಲರ ಕಣ್ಣೆದುರಿಗೇ ಬರೆದರು. ಒಮ್ಮೆ ಮಾಡಿದ ತಪ್ಪನ್ನು ಇನ್ನೊಮ್ಮೆ ಮಾಡುವವರ ಪೈಕಿ ಅವರಲ್ಲ. ನಿಯಮ ಏನೇ ಹೇಳಲಿ, ಈ ಸಲ ಬರುವವನನ್ನು ಮೊಟ್ಟಮೊದಲೇ ತೋರಿಸಿದರು. ಗೇಟಿನ ಒಳಗೆ, ಕಲ್ಲುಹಾಸಿನ ಮೇಲೆ, ಒಂದು ಸೊನ್ನೆ. ಪಕ್ಕದಲ್ಲಿ ಎತ್ತರವನ್ನೂ ಬರೆದರು: ಐದು ಅಡಿ ಎರಡು ಅಂಗುಲ.

ಭಾವಮೈದ ತಾನು ನಡುಮನೆಯಲ್ಲಿ ನಿಲ್ಲುತ್ತೇನೆ ಎಂದ. ನಕ್ಷೆಗಾರರು ಪೆನ್ಸಿಲ್ಲಿನಿಂದ ತೋರಿಸಿ ಬೇಡ ಎಂದರು. ಬರುವವನು ಹಿತ್ತಲ ಬಾಗಿಲಿಂದ ಬಂದರೆ ನಡುಮನೆಯ ಗೆರೆ ಅಡುಗೆಮನೆ ದಾಟಿ ನೇರವಾಗಿ ಆ ಸಣ್ಣ ಕೋಣೆಗೆ ಹೋಗುತ್ತದೆ. ಮಧ್ಯೆ ಇರುವುದು ಹಲಗೆಯ ಗೋಡೆ. ಅವಳು ಸದ್ದಾದರೆ ಥಟ್ಟನೆ ಏಳುವವಳಲ್ಲ, ಮಲಗಿಯೇ ಇರುತ್ತಾಳೆ. ಹಾಗಾದರೆ ಹಿತ್ತಲಿಗೆ ಏನು ಮಾಡುವುದು ಎಂದು ಭಾವಮೈದ ಗಾಬರಿಯಿಂದ ಕೇಳಿದ.

"ಹಿತ್ತಲ ಚಿಂತೆ ನಿನಗೆ ಬೇಡ" ಎಂದರು ನಕ್ಷೆಗಾರರು. "ನಾನು ಹಿತ್ತಲಿಂದ ಬರಲ್ಲ. ಯಾವಾಗ ಬಂದರೂ ಗೇಟಿಂದಾನೇ ಬರ್ತೀನಿ, ಕಲ್ಲುಹಾಸಿನ ನಡುವೇನೇ ನಡ್ಕೊಂಡು ಬರ್ತೀನಿ. ನೀನು ಮುಂದಿನ ಕಿಟಕಿ ಹತ್ತಿರ ನಿಂತ್ಕೋ, ಬೇರೆ ಕಡೆ ಹೋಗಬೇಡ. ಸಣ್ಣ ಚರೆ ಸಾಕು, ಗಿಡ್ಡ ನಳಿಗೆ ತಗೋ. ನನ್ನ ಹಿಂದೆ ಖಾಲಿ ಸೈಟು. ಯಾರಿಗೂ ಏನೂ ಆಗಲ್ಲ."

ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಆದರೆ ಅಷ್ಟರಲ್ಲಿ ನಕ್ಷೆಗಾರರು ಟೇಪನ್ನು ಸುತ್ತಿಕೊಂಡು, ಕಾಗದದ ಮೇಲಿನ ಗೆರೆಯನ್ನು ಸ್ಥಳದಲ್ಲೂ ಒಮ್ಮೆ ತಾಳೆ ನೋಡುವುದು ಪದ್ಧತಿ ಎಂದು ಹೇಳಿ ಹೊರಗೆ ಹೊರಟಾಗಿತ್ತು. ಕಲ್ಲುಹಾಸಿನ ಮೇಲೆ ಹೆಜ್ಜೆ ಎಣಿಸುತ್ತ ಗೇಟಿನವರೆಗೆ ಹೋಗಿ, ಮನೆಯ ಕಡೆಗೆ ತಿರುಗಿ, ಕೈ ಎರಡನ್ನೂ ಮೈಗೆ ಅಂಟಿಸಿಕೊಂಡು ನಿಂತರು. ಮುಂದಿನ ಕಿಟಕಿಯಲ್ಲಿ ಭಾವಮೈದ ಒಂದು ಪೊರಕೆಯನ್ನು ಭುಜಕ್ಕೆ ಹಿಡಿದ. ಅವನ ಪಕ್ಕದಲ್ಲಿ ಹೆಂಡತಿಯ ಮುಖ ಬಂದು ನಿಂತಿತು.

"ಅವಳನ್ನ ಕಿಟಕಿ ಹತ್ತಿರದಿಂದ ದೂರ ಕಳಿಸು" ಎಂದು ನಕ್ಷೆಗಾರರು ಅಲ್ಲಿಂದಲೇ ಕೂಗಿ ಹೇಳಿದರು. "ನಾನು ಸರಿಯಾಗಿ ಕಾಣ್ತಾ ಇದೀನಾ?"

ಭಾವಮೈದ ಒಂದು ಕಣ್ಣು ಮುಚ್ಚಿ ನೋಡಿದ.

"ಒಂದು ಚೂರು ಎಡಕ್ಕೆ ಬನ್ನಿ ಭಾವ" ಎಂದ.

ನಕ್ಷೆಗಾರರು ಒಂದು ಚೂರು ಎಡಕ್ಕೆ ಸರಿದು ನಿಂತರು.